ತಟ್ಟಿಯ ಹಿಂದಿನ ಗಿಳಿ

ಗುರುವಾರ ಬೆಳಿಗ್ಗೆ ಆರು ಗಂಟೆಯ ಬಸ್ಸಿಗೆ ದಾವಣಗೆರೆ ಬಿಟ್ಟಾಗ ನನ್ನ ಹೆಗಲ ಚೀಲದಲ್ಲಿ ಒಂದು ಕ್ಯಾಮೆರಾ, ಎರಡು ಲೆನ್ಸು, ಮಕ್ಕಳ ಭೂಗೋಳದ ಪೆಟ್ಟಿಗೆಯಿಂದ ಎರವಲು ತಂದ ಒಂದು ದಿಕ್ಸೂಚಿ ಇದ್ದವು. ಫ್ಲ್ಯಾಶ್ ಇರಲಿಲ್ಲ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಯಜಮಾನರಿಗೆ ಕೊಟ್ಟು, ನಾನು ಫೋನು ಮಾಡಿ ಅತ್ತರೂ ತರಬೇಡಿ ಎಂದು ಹೇಳಿ ಬಂದಿದ್ದೆ. ಪಕ್ಕದ ಸೀಟಿನಲ್ಲಿ ನನ್ನ ಅತ್ತಿಗೆ ಗಿರಿಜಕ್ಕ ಎರಡು ಡಬ್ಬಿ ಅವಲಕ್ಕಿ, ಒಂದು ದೊಡ್ಡ ಕೊಡೆ, ಒಂದು ಮಡಿಚುವ ಕುರ್ಚಿಯೊಂದಿಗೆ ಕೂತಿದ್ದಳು. ಬಿಸಿಲಿಗಾಗಿ ಕಾಯುವವರ ಜೊತೆ ಹೋಗುವಾಗ ಕುರ್ಚಿ ಬೇಕೇ ಬೇಕು ಎಂಬುದು ಅವಳು ಹಿಂದಿನ ಸಲ ಕಲಿತ ಪಾಠ.

ಫ್ಲ್ಯಾಶಿನ ಮೇಲೆ ನನಗೇಕೆ ಅಷ್ಟು ಸಿಟ್ಟು ಎಂದು ಹೇಳಬೇಕು. ನಾನು ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕಿ. ಹಳೆಯ ಕಟ್ಟಡಗಳ ಫೋಟೊ ತೆಗೆಯುವುದು ಹತ್ತು ವರ್ಷದ ಹುಚ್ಚು. ಹೋದ ವರ್ಷ ನಮ್ಮೂರಿನ ಫೋಟೊ ಬಳಗದ ಪ್ರದರ್ಶನಕ್ಕೆ ಮೂರು ಚಿತ್ರ ಕೊಟ್ಟಿದ್ದೆ. ತೀರ್ಪುಗಾರರೊಬ್ಬರು ಅವುಗಳ ಮುಂದೆ ನಿಂತು, ನನ್ನ ಒಂಬತ್ತನೇ ತರಗತಿಯ ಮಕ್ಕಳೆಲ್ಲ ಕೇಳುವ ಹಾಗೆ, "ಮೇಡಂ, ಇದು ಕಟ್ಟಡದ ಚಿತ್ರ ಅಲ್ಲ, ಕಟ್ಟಡದ ಆಧಾರ್ ಕಾರ್ಡ್ ಫೋಟೊ" ಎಂದರು. ಮುಖಕ್ಕೆ ನೇರವಾಗಿ ಫ್ಲ್ಯಾಶ್ ಹೊಡೆದಿದ್ದೆ, ಕಂಬಕ್ಕೆ ನೆರಳಿಲ್ಲ, ಕೆತ್ತನೆಗೆ ಆಳವಿಲ್ಲ. ಅವರು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಹೆಚ್ಚು ಉರಿಯಿತು. ಆ ವರ್ಷವಿಡೀ ಮಕ್ಕಳು ನನ್ನ ಬೆನ್ನ ಹಿಂದೆ ನನ್ನನ್ನು 'ಆಧಾರ್ ಮಿಸ್' ಎಂದೇ ಕರೆದರು.

ಈ ವರ್ಷ ಬಳಗದವರು ಕೊಟ್ಟ ವಿಷಯ ನನಗೆಂದೇ ಹೇಳಿ ಮಾಡಿಸಿದಂತಿತ್ತು. ಪೇಟೆಯ ಕಟ್ಟಡಗಳು, ಹಗಲಿನ ಬೆಳಕು ಮಾತ್ರ. ಮೂರು ಊರು, ಮೂರು ಚಿತ್ರ. ಒಂದು ಕಡಿಮೆಯಾದರೂ ಉಳಿದೆರಡನ್ನು ಗೋಡೆಗೆ ಹಾಕುವುದಿಲ್ಲ. ಚಿತ್ರಗಳು ಸೋಮವಾರ ಸಂಜೆಯೊಳಗೆ ಅವರ ಕೈ ಸೇರಬೇಕು. ನಾನು ಆರಿಸಿಕೊಂಡದ್ದು ಸಾಗರ, ಹೊಸನಗರ, ತೀರ್ಥಹಳ್ಳಿ. ಮೊದಲೆರಡು ಹೇಗೋ ಆಗುತ್ತವೆ ಎಂಬ ಧೈರ್ಯವಿತ್ತು. ನನ್ನ ಎದೆಯಲ್ಲಿ ಕೂತಿದ್ದದ್ದು ಮೂರನೆಯದು.

ತೀರ್ಥಹಳ್ಳಿಯ ಪೇಟೆ ಬೀದಿಯಲ್ಲಿ ಲಲಿತಮ್ಮ ಎಂಬವರ ಮನೆಯಿದೆ. ಕೆಳಗೆ ಬಟ್ಟೆ ಅಂಗಡಿ, ಮೇಲೆ ಬೀದಿಗೆ ಚಾಚಿದ ಮರದ ಉಪ್ಪರಿಗೆ. ಉಪ್ಪರಿಗೆಯ ನಡುಗಂಬದಲ್ಲಿ ಕತ್ತು ಹೊರಳಿಸಿ ನೋಡುವ ಒಂದು ಗಿಳಿಯ ಕೆತ್ತನೆ. ಡಿಸೆಂಬರಿನಲ್ಲಿ ಮೊದಲ ಸಲ ಅದನ್ನು ಕಂಡು ಇಡೀ ದಿನ ಬೀದಿಯಲ್ಲಿ ನಿಂತಿದ್ದೆ. ಬಿಸಿಲು ಅದರ ಮೇಲೆ ಬೀಳಲೇ ಇಲ್ಲ. ಸಂಜೆ ಲಲಿತಮ್ಮ ಕಾಫಿ ಕೊಡುತ್ತಾ, ಮನೆ ಉತ್ತರಕ್ಕೆ ಮುಖ ಮಾಡಿದೆ, ಚಳಿಗಾಲದ ಸೂರ್ಯ ಹಿಂದಿನಿಂದಲೇ ದಾಟಿ ಹೋಗುತ್ತಾನೆ, ಬೇಸಿಗೆಯ ಕೊನೆಗೆ ಬೆಳಗಿನ ಹೊತ್ತು ಒಂದಿಷ್ಟು ಅಡ್ಡ ಬಿಸಿಲು ಬರುತ್ತದೆ ಎಂದರು. ಡ್ರಾಯಿಂಗ್ ಟೀಚರ್ ಆಗಿ ಇಪ್ಪತ್ತೈದು ವರ್ಷ ನೆರಳು ಬಿಡಿಸಲು ಕಲಿಸಿದವಳಿಗೆ ಇಷ್ಟು ಹೊಳೆಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು.

ಬೇಸಿಗೆಯ ಕೊನೆ ಎಂದರೆ ಇನ್ನೊಂದು ತೊಡಕು. ಆ ಮನೆಯಲ್ಲಿ ರೋಹಿಣಿ ಮಳೆ ಹುಟ್ಟುವ ಮೊದಲು ಉಪ್ಪರಿಗೆಗೆ ಜಡಿ ತಟ್ಟಿ ಕಟ್ಟುತ್ತಾರೆ. ಅಡಿಕೆ ಸೋಗೆಯನ್ನು ಹೆಣೆದು, ದಬ್ಬೆಗಳ ನಡುವೆ ಬಿಗಿದು ಮಾಡಿದ ಪರದೆ ಅದು. ಸೂರಿನ ಅಂಚಿನಿಂದ ಇಳಿಬಿಟ್ಟರೆ ಜಡಿಮಳೆಯ ಎರಚಲು ಮರಕ್ಕೆ ತಾಗುವುದಿಲ್ಲ. ಈಗ ಎಲ್ಲರೂ ನೀಲಿ ಪ್ಲಾಸ್ಟಿಕ್ ಹೊದಿಸುತ್ತಾರೆ, ಲಲಿತಮ್ಮನ ಮನೆಗೆ ಮಾತ್ರ ಇನ್ನೂ ಸೋಗೆಯೇ. ತಟ್ಟಿ ಏರಿತೆಂದರೆ ಗಿಳಿ ಮತ್ತೆ ಕಾಣುವುದು ದೀಪಾವಳಿಗೆ. ಆಗ ಬಿಸಿಲಿಲ್ಲ. ಹಾಗಾಗಿ ನಾನು ಏಪ್ರಿಲಿನಿಂದಲೇ ಲಲಿತಮ್ಮನಿಗೆ ಫೋನು ಮಾಡಿ, ತಟ್ಟಿ ಕಟ್ಟೋದು ಯಾವತ್ತು, ಖಂಡಿತ ಅವತ್ತೇನಾ, ಹೆಚ್ಚುಕಡಿಮೆ ಆದರೆ ಹೇಳ್ತೀರಲ್ಲ ಎಂದು ಕೇಳಿಕೇಳಿ ಅವರ ತಲೆ ತಿಂದಿದ್ದೆ. ಈ ಶನಿವಾರ ಮಧ್ಯಾಹ್ನ ಎಂದು ಉತ್ತರ ಬಂದಿತ್ತು. ಶನಿವಾರ ಬೆಳಿಗ್ಗೆ ಏಳು ಗಂಟೆಗೆ ನಾನು ಗಿಳಿಯ ಮುಂದೆ ಇರಬೇಕು, ಅಷ್ಟೇ ಲೆಕ್ಕ.

ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ ಸಾಗರ ಮುಟ್ಟುವಾಗ ಹನ್ನೊಂದೂವರೆ. ಸರ್ಕಾರಿ ಬಸ್ಸಾದ್ದರಿಂದ ಇಬ್ಬರಿಗೂ ಸೊನ್ನೆ ರೂಪಾಯಿಯ ಟಿಕೆಟ್ಟು. ಅದನ್ನು ಗಿರಿಜಕ್ಕ ಪರ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಂಡಳು. ಊಟ ಮುಗಿಸಿ ಲಾಡ್ಜಿನಲ್ಲಿ ಚೀಲ ಇಟ್ಟೆವು. ಕೆಳದಿಗೆ ಹೋಗುವುದಿಲ್ಲವೇ ಎಂದು ಲಾಡ್ಜಿನವರು ಕೇಳಿದರು. ಪೇಟೆಯ ಅಡಿಕೆ ಮಂಡಿಯ ಫೋಟೊ ತೆಗೆಯಲು ಬಂದೆ ಎಂದಾಗ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಕೆಳದಿ ಬರೀ ಆರು ಕಿಲೋಮೀಟರು ಎಂದು ಇನ್ನೊಮ್ಮೆ ಹೇಳಿದರು. ಗಿರಿಜಕ್ಕ ಆಟೊ ಹಿಡಿದು ವರದಹಳ್ಳಿಯ ಆಶ್ರಮಕ್ಕೆ ಹೋದಳು. ನಡುಮಧ್ಯಾಹ್ನದ ಬಿಸಿಲು ದೇವರ ದರ್ಶನಕ್ಕೆ ಸರಿ, ಕಟ್ಟಡಕ್ಕಲ್ಲ ಎಂದು ನಾನೇ ಕಳಿಸಿದ್ದು.

ಮಂಡಿ ಪಡುವಣಕ್ಕೆ ಮುಖ ಮಾಡಿದ ಉದ್ದನೆಯ ಕಟ್ಟಡ. ಜಗಲಿಯ ತುಂಬ ಸಾಲುಗಂಬ, ಒಂದೊಂದೂ ಒಬ್ಬರ ತೋಳಿಗೆ ಸಿಗದಷ್ಟು ದಪ್ಪ. ಮಧ್ಯಾಹ್ನ ನೋಡಿದಾಗ ಸೂರಿನ ಕೆಳಗೆಲ್ಲ ಕಪ್ಪು. ಸಂಜೆ ಆರು ದಾಟಿದ ಮೇಲೆ ಸೂರ್ಯ ಬಗ್ಗಿ ಸೂರಿನಡಿ ಇಣುಕಿದ. ಕಂಬಗಳ ನೆರಳು ಒಂದೊಂದಾಗಿ ಒಳಗೋಡೆಯವರೆಗೆ ಚಾಚಿ ಮಲಗತೊಡಗಿದವು. ಸರಿಯಾಗಿ ಆಗಲೇ ಒಂದು ಲಗೇಜ್ ಆಟೊ ಬಂದು ಮುಂದೆ ನಿಂತಿತು. ಅದರವನು ಚೀಲ ಇಳಿಸಿ, ಎಲೆ ಹಾಕಿ, ಊರ ಸುದ್ದಿ ಹೇಳಿ ಹೊರಡುವಾಗ ಆರೂ ನಲವತ್ತು. ಬಿಸಿಲು ಕೆಂಪಾಗಿತ್ತು. ನಾನು ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನೇರ ಮಾಡುತ್ತಿದ್ದಂತೆ ಮಂಡಿಯ ಯಜಮಾನರು ಹೆಗಡೆಯವರು ಎದ್ದು ಸ್ವಿಚ್ಚಿನ ಕಡೆ ನಡೆದರು.

ಟ್ಯೂಬ್‌ಲೈಟ್ ಹೊತ್ತಿದರೆ ನನ್ನ ಕೆಂಪು ಬೆಳಕು ಸತ್ತಂತೆ. ಓಡಿಹೋಗಿ ಕೈ ಮುಗಿದೆ. ದೀಪ ಹಚ್ಚುವ ಹೊತ್ತು ಮೀರಿಸಿದರೆ ಲಕ್ಷ್ಮಿ ಬಾಗಿಲಿನಿಂದಲೇ ತಿರುಗಿ ಹೋಗುತ್ತಾಳೆ, ಇದು ತಮ್ಮ ಅಜ್ಜನ ಕಾಲದಿಂದ ತಪ್ಪಿಲ್ಲ ಎಂದು ಅವರು ಸೌಮ್ಯವಾಗಿಯೇ ಹೇಳಿದರು. ಸೂರ್ಯ ಪೂರ್ತಿ ಮುಳುಗದೆ ದೀಪದ ಹೊತ್ತು ಆಗುವುದಾದರೂ ಹೇಗೆ ಎಂದೆ. ಆ ವಾದ ಅವರಿಗೆ ಹಿಡಿಸಿತು. ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ನಿಂತರು. ಆಗ ಅವರ ಫೋನು ಬಡಿದುಕೊಂಡಿತು. "ಬತ್ತೆ, ಈಗ್ಲೇ ಬತ್ತೆ. ಇಲ್ಲೊಂದು ಫೋಟೊ ಕೆಲ್ಸ ಇದ್ದು, ಸೂರ್ಯ ಮುಳುಗವು" ಎಂದು, ಸೂರ್ಯ ಮುಳುಗುವ ತನಕ ಕಾಯಬೇಕು ಎಂಬ ಅರ್ಥದಲ್ಲಿ ಮನೆಯವರಿಗೆ ಹೇಳಿದರು. ಏಳೆಂಟು ಸಲ ಕ್ಲಿಕ್ಕಿಸಿದೆ. ಬೆಳಕು ಕೊನೆಯ ಕಂಬದಿಂದ ಜಾರಿದ್ದೂ ಹೆಗಡೆಯವರು ದೀಪ ಹಾಕಿ ಕಣ್ಣು ಮುಚ್ಚಿ ಕೈ ಮುಗಿದದ್ದೂ ಒಟ್ಟಿಗೇ ಆಯಿತು. ಕ್ಯಾಮೆರಾದ ಪರದೆಯಲ್ಲಿ ನೋಡಿದೆ. ಪ್ರತಿ ಕಂಬಕ್ಕೂ ಒಂದು ಮೈ ಬಂದಿತ್ತು, ಒಂದು ತೂಕ ಬಂದಿತ್ತು. ಒಂದು ಗೆದ್ದೆ ಎಂದು, ಆಶ್ರಮದಿಂದ ವಾಪಸು ಬಂದಿದ್ದ ಗಿರಿಜಕ್ಕನ ಕೈಯನ್ನು ಬೀದಿಯಲ್ಲೇ ಹಿಡಿದು ಕುಲುಕಿದೆ.

ಶುಕ್ರವಾರ ಬೆಳಿಗ್ಗೆ ಹೊಸನಗರಕ್ಕೆ ಖಾಸಗಿ ಬಸ್ಸು, ತಲೆಗೆ ಐವತ್ತು ರೂಪಾಯಿ. ಸೊನ್ನೆ ಟಿಕೆಟ್ಟು ಇಲ್ಲ ಎಂದು ಗಿರಿಜಕ್ಕ ದಾರಿ ನಡುವಿನ ಬಟ್ಟೆಮಲ್ಲಪ್ಪ ಎಂಬ ಊರಿನವರೆಗೂ ಗೊಣಗಿದಳು. ಒಂಬತ್ತೂವರೆಗೆ ಹೊಸನಗರದಲ್ಲಿ ಇಳಿದೆವು. ಅಲ್ಲಿ ನಾನು ಆರಿಸಿದ್ದು ಬಸ್ ನಿಲ್ದಾಣದಿಂದ ಸ್ವಲ್ಪ ದೂರದ ಒಂದು ಹಳೆಯ ಹೋಟೆಲು. ಹೊರಗಿನಿಂದ ಏನೂ ಇಲ್ಲ. ಒಳಗೆ ಹೋದರೆ ತಲೆಯ ಮೇಲೆ ಎತ್ತರದ ಹಂಚಿನ ಮಾಡು, ಹೊಗೆ ಹಿಡಿದು ಕಪ್ಪಾದ, ಹಂಚು ಹೊತ್ತ ಪಕಾಸಿ ರೀಪುಗಳು, ಹಂಚುಗಳ ನಡುವೆ ನಾಲ್ಕು ಗಾಜಿನ ಹಂಚು. ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದರವರೆಗೆ ಆ ನಾಲ್ಕು ಗಾಜಿನಿಂದ ನಾಲ್ಕು ಬಿಸಿಲುಕೋಲು ನೆಲದವರೆಗೆ ಇಳಿಯುತ್ತವೆ ಎಂದು ಹಿಂದಿನ ಸಲ ಗುರುತು ಹಾಕಿಕೊಂಡಿದ್ದೆ.

ಹೋಗಿ ನೋಡಿದರೆ ಬಿಸಿಲು ನೆಲದ ಮೇಲೆ ನಾಲ್ಕು ಚೌಕವಾಗಿ ಬಿದ್ದಿತ್ತೇ ಹೊರತು ಕೋಲು ಕಾಣುತ್ತಿರಲಿಲ್ಲ. ಕಾರಣ ಹೊಳೆಯಲು ಎರಡು ನಿಮಿಷ ಬೇಕಾಯಿತು. ಡಿಸೆಂಬರಿನಲ್ಲಿ ಸೌದೆ ಒಲೆಯಿತ್ತು, ಹೊಗೆಯಿತ್ತು, ಬೆಳಕಿಗೆ ಮೈಯಿತ್ತು. ಈಗ ಯಜಮಾನಿ ಸುಶೀಲಮ್ಮ ಗ್ಯಾಸು ಹಾಕಿಸಿಕೊಂಡಿದ್ದರು. ಕೆಮ್ಮು ನಿಂತಿದೆ ಎಂದು ಸಂತೋಷದಿಂದ ಹೇಳಿದರು. ಅವರ ಕೆಮ್ಮು ನಿಂತದ್ದಕ್ಕೆ ನನಗೆ ಬೇಸರವಾಯಿತು ಎಂದು ಹೇಳಿಕೊಳ್ಳಲು ಸಂಕೋಚ, ಆದರೆ ಆಯಿತು. ಮೇಲಾಗಿ ಮೇಜುಗಳ ತುಂಬ ಜನ. ನನಗೆ ಬೇಕಿದ್ದದ್ದು ಖಾಲಿ ಕೋಣೆ. ಚಿತ್ರದಲ್ಲಿ ಮನುಷ್ಯರು ಬಂದರೆ ಕಣ್ಣು ಕಟ್ಟಡದ ಕಡೆ ಹೋಗುವುದಿಲ್ಲ ಎಂಬುದು ನನ್ನ ಕಟ್ಟುನಿಟ್ಟು.

ನಾನು ತಲೆ ಮೇಲೆ ಕೈ ಹೊತ್ತು ಕೂತಾಗ ಗಿರಿಜಕ್ಕನಿಗೆ ಬೇರೆಯೇ ಚಿಂತೆ. ಅವಳು ಮಂಡಕ್ಕಿ ಒಗ್ಗರಣೆ ಹೇಳಿದ್ದಳು, ಬಂದದ್ದು ಅವಳ ನಾಲಿಗೆಗೆ ಸಪ್ಪೆ. ದಾವಣಗೆರೆಯವರ ಮುಂದೆ ಸಪ್ಪೆ ಮಂಡಕ್ಕಿ ಇಡುವುದು ಎಂದರೆ ಯುದ್ಧಕ್ಕೆ ಕರೆದಂತೆ. ಎದ್ದು ಸೀದಾ ಅಡುಗೆ ಕಟ್ಟೆಗೆ ಹೋಗಿ, ನಿಮಗೆ ತೋರಿಸಿಕೊಡ್ತೀನಿ ಎಂದು ಬಾಣಲೆಗೆ ಎಣ್ಣೆ ಸುರಿದು, ಒಂದು ಹಿಡಿ ಹಸಿಮೆಣಸು, ಅದರ ಮೇಲೆ ಒಣಮೆಣಸು ಹಾಕಿದಳು. ಮಾತಿನ ಭರದಲ್ಲಿ ಉರಿ ಸಣ್ಣದು ಮಾಡುವುದು ಮರೆತುಹೋಯಿತು. ಘಾಟು ಎದ್ದಿತು ನೋಡಿ, ಮೊದಲು ಸುಶೀಲಮ್ಮ ಸೆರಗು ಮುಚ್ಚಿಕೊಂಡು ಹಿತ್ತಿಲಿಗೆ ಓಡಿದರು, ಆಮೇಲೆ ಮೂಲೆಯ ಮೇಜಿನವರು, ಆಮೇಲೆ ಎಲ್ಲರೂ ಕಾಫಿ ಲೋಟ ಹಿಡಿದುಕೊಂಡೇ ಕೆಮ್ಮುತ್ತಾ ಬೀದಿಗೆ ಬಿದ್ದರು.

ಕೋಣೆ ಖಾಲಿ. ನೀಲಿ ಹೊಗೆ ನಿಧಾನವಾಗಿ ಮಾಡಿನವರೆಗೆ ಏರಿತು. ನಾಲ್ಕು ಬಿಸಿಲುಕೋಲುಗಳು ಒಂದರ ಪಕ್ಕ ಒಂದು, ಕೈಯಲ್ಲಿ ಹಿಡಿಯಬಹುದು ಎನ್ನುವಷ್ಟು ಗಟ್ಟಿಯಾಗಿ ನಿಂತವು. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತಾ, ಉಸಿರು ಬಿಗಿಹಿಡಿದು ಹನ್ನೆರಡು ಚಿತ್ರ ತೆಗೆದೆ. ಹೊರಗೆ ಬಂದಾಗ ಗಿರಿಜಕ್ಕ ಎಲ್ಲರ ಕ್ಷಮೆ ಕೇಳುತ್ತಿದ್ದಳು. ನಾನು ಮಾತ್ರ ಅವಳನ್ನು ಅಪ್ಪಿಕೊಂಡೆ. ಸುಶೀಲಮ್ಮ ಕಣ್ಣೊರೆಸಿಕೊಂಡು ಆ ಮಂಡಕ್ಕಿಯ ರುಚಿ ನೋಡಿ, ಖಾರವೇನೋ ಸರಿ, ಆದರೆ ತಮ್ಮ ಗಿರಾಕಿಗಳು ಬದುಕಿರಬೇಕಲ್ಲ ಎಂದು ನಕ್ಕರು.

ಎರಡೂ ಗೆದ್ದ ಹುಮ್ಮಸ್ಸಿನಲ್ಲಿ ಮಧ್ಯಾಹ್ನದ ಬಸ್ಸಿಗೆ ತೀರ್ಥಹಳ್ಳಿಗೆ ಹೊರಟೆವು. ಎರಡು ಗಂಟೆಗೆ ಸ್ವಲ್ಪ ಕಡಿಮೆ ದಾರಿ, ಅರವತ್ತು ರೂಪಾಯಿ. ದಾರಿಯುದ್ದಕ್ಕೂ ಸೆಖೆ, ತಿರುವುಗಳಲ್ಲಿ ಗಿರಿಜಕ್ಕನಿಗೆ ವಾಕರಿಕೆ, ನಿಂಬೆಹಣ್ಣು. ನಾಲ್ಕು ಗಂಟೆಗೆ ಇಳಿದಾಗ ಆಕಾಶದ ಪಡುವಣ ಮೂಲೆಯಲ್ಲಿ ಮೋಡ ಕೂಡಿತ್ತು. ನಾಳೆ ಬೆಳಿಗ್ಗೆಯವರೆಗೆ ತಡೆದುಕೋ ಎಂದು ಅದಕ್ಕೆ ಮನಸ್ಸಿನಲ್ಲೇ ಹೇಳಿ, ಚೀಲ ಹೊತ್ತು ಪೇಟೆ ಬೀದಿಯ ತಿರುವು ದಾಟಿದೆ.

ಲಲಿತಮ್ಮನ ಮನೆಗೆ ತಟ್ಟಿ ಕಟ್ಟಿಯಾಗಿತ್ತು.

ಸೂರಿನಿಂದ ಉಪ್ಪರಿಗೆಯ ಕಟಾಂಜನದ ಕೆಳಗಿನವರೆಗೆ, ಈ ತುದಿಯಿಂದ ಆ ತುದಿಯವರೆಗೆ, ಸಂದಿಲ್ಲದೆ. ಗಿಳಿಯೂ ಇಲ್ಲ, ಕಂಬವೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನ್ನ ವಿಷಯದಲ್ಲಿ ತುಟಿಯವರೆಗೆ ಬಂದಿತ್ತು. ಬೀದಿ ನಡುವೆ ನಿಂತುಬಿಟ್ಟೆ. ಲಲಿತಮ್ಮ ಅಂಗಡಿಯಿಂದ ನಗುತ್ತಾ ಇಳಿದು ಬಂದರು. ಅವರ ಹಿಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ, ಅರವತ್ತೈದು ದಾಟಿದ ಒಬ್ಬರು. ತಟ್ಟಿ ಕಟ್ಟುವ ತಿಮ್ಮಪ್ಪನವರು ಇವರೇ ಎಂದು ಪರಿಚಯ ಮಾಡಿಸಿದರು. ನಾನು ಫೋನಿನಲ್ಲಿ ಅಷ್ಟು ಸಲ ತಟ್ಟಿ ಯಾವಾಗ, ತಟ್ಟಿ ಯಾವಾಗ ಎಂದು ಕೇಳಿದ್ದನ್ನು ಲಲಿತಮ್ಮ ಇವರಿಗೆ ಹೇಳಿದ್ದರಂತೆ. ದಾವಣಗೆರೆಯಿಂದ ಒಬ್ಬ ಟೀಚರು ಸೋಗೆ ತಟ್ಟಿಯ ಫೋಟೊ ತೆಗೆಯಲೆಂದೇ ಬರುತ್ತಾರೆ ಎಂದು ಇಬ್ಬರೂ ತೀರ್ಮಾನಿಸಿಬಿಟ್ಟಿದ್ದರು. ಬಂದವರು ಕಾಯಬಾರದು ಎಂದು ತಿಮ್ಮಪ್ಪನವರು ಎರಡು ದಿನ ಮೊದಲೇ ಸೋಗೆ ಆರಿಸಿ, ಯಾವ ವರ್ಷವೂ ಹೆಣೆಯದಷ್ಟು ಒತ್ತಾಗಿ ಹೆಣೆದು, ಅವತ್ತೇ ಬೆಳಿಗ್ಗೆ ಕಟ್ಟಿ ಮುಗಿಸಿದ್ದರು.

"ನೋಡಿ ಮೇಡಂ, ಒಂದು ಸೂಜಿ ತೂರೋ ಜಾಗ ಇಲ್ಲ" ಎಂದರು ತಿಮ್ಮಪ್ಪನವರು.

ಆ ಮುಖ ನೋಡಿ ನನಗೆ ನಿಜ ಹೇಳಲು ಬಾಯಿ ಬರಲಿಲ್ಲ. ಬಹಳ ಚೆನ್ನಾಗಿದೆ ಎಂದೆ. ಕ್ಯಾಮೆರಾ ತೆಗೆದು ಮೋಡದ ಬೆಳಕಿನಲ್ಲಿ ತಟ್ಟಿಯ ಐದಾರು ಚಿತ್ರ ತೆಗೆದೆ. ಅವರು ಬೇರೆ ಬೇರೆ ಕಡೆಯಿಂದ ತೆಗೆಯಲು ಹೇಳಿದರು, ಹಾಗೇ ತೆಗೆದೆ. ಗಿರಿಜಕ್ಕ ನನ್ನ ಪಕ್ಕ ಬಂದು ಮೆಲ್ಲಗೆ, "ಮಕ್ಕಳಿಗೆ ಸುಳ್ಳು ಹೇಳಬೇಡ್ರಿ ಅಂತ ಪಾಠ ಮಾಡ್ತೀಯಲ್ಲ ಉಮಾ, ಇದೇನು?" ಎಂದಳು. ನನ್ನ ಸಿಟ್ಟು ಅವಳ ಮೇಲೆ ತಿರುಗಿತು. ಸುಮ್ಮನಿರು ಎಂದು ಗದರಿದೆ.

ತಿಮ್ಮಪ್ಪನವರು ದನಕ್ಕೆ ಹುಲ್ಲು ಹಾಕಿ ಬರುತ್ತೇನೆಂದು ಮನೆಗೆ ಹೋದ ಮೇಲೆ ಲಲಿತಮ್ಮನಿಗೆ ಎಲ್ಲ ಹೇಳಿದೆ. ಅವರು ಹಣೆ ಚಚ್ಚಿಕೊಂಡರು. ಒಂದು ಬೆಳಗಿನ ಮಟ್ಟಿಗೆ ಬಿಚ್ಚಿಸಬಹುದೇ ಎಂದು ಕೇಳಿದೆ.

"ಬಿಚ್ಚಿ ಅಂತ ಹೇಳೋ ಅಧಿಕಾರ ನಂಗಿಲ್ಲ ಉಮಾ ಅವ್ರೆ" ಎಂದರು. "ಅವ್ರಪ್ಪ ನಮ್ಮನೆ ಗೇಣಿ ಮಾಡ್ತಿದ್ದಾಗ ನಮ್ಮ ಮಾವ ಹೇಳ್ತಿದ್ರು, ಇವ್ರು ಮಾಡ್ತಿದ್ರು. ಆ ಕಾಲ ಹೋಯ್ತು. ಈಗ ಅವ್ರ ಗದ್ದೆ ಅವ್ರದ್ದು, ತೋಟ ಅವ್ರದ್ದು. ಈ ಊರಲ್ಲಿ ಇನ್ಯಾರ ಮನೆಗೂ ಅವ್ರು ತಟ್ಟಿ ಕಟ್ಟಲ್ಲ. ಇಲ್ಲಿ ಕಟ್ಟೋದು ಅವ್ರ ಪ್ರೀತಿ. ಅದನ್ನ ನಾನು ಬಿಚ್ಚು ಅಂದ್ರೆ ಎಂತ ಉಳೀತು?"

ಅವರ ಮಾತು ಸರಿ, ಆದರೆ ನನ್ನ ಮನಸ್ಸು ಕೇಳಲಿಲ್ಲ. ಸೋಮವಾರ ಸಂಜೆ ಬಳಗದವರ ಮುಂದೆ ಎರಡೇ ಚಿತ್ರ ಹಿಡಿದು ನಿಲ್ಲುವ ನನ್ನ ರೂಪ ಕಣ್ಣಿಗೆ ಕಟ್ಟಿತು. ಆಧಾರ್ ಮಿಸ್ ಎಂಬ ಹೆಸರು ನಿವೃತ್ತಿಯವರೆಗೂ ಹೋಗುವುದಿಲ್ಲ ಅನ್ನಿಸಿತು.

ಆರೂವರೆಗೆ ತಿಮ್ಮಪ್ಪನವರು ವಾಪಸು ಬಂದರು. ಜಗಲಿಯಲ್ಲಿ ಕಾಫಿ ಕುಡಿಯುತ್ತಾ ತೆಗೆದ ಚಿತ್ರಗಳನ್ನು ತೋರಿಸಿ ಎಂದರು. ಕನ್ನಡಕ ಏರಿಸಿ ಕ್ಯಾಮೆರಾದ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಒಂದೊಂದನ್ನೇ ನೋಡಿದರು. ಹೊಗಳುತ್ತಾರೆ ಎಂದುಕೊಂಡಿದ್ದೆ. ಅವರು ತಲೆ ಅಲ್ಲಾಡಿಸಿದರು.

"ಇದ್ರಲ್ಲಿ ಎಂತದೂ ಇಲ್ಲ ಮೇಡಂ. ಮೋಡದ ಬೆಳಕು, ಹೆಣಿಗೆ ಎಲ್ಲ ಚಾಪೆ ಹಂಗೆ ಕಾಣ್ತಾ ಅದೆ. ನಾಳೆ ಬೆಳಿಗ್ಗೆ ಏಳು ಗಂಟಿಗೆ ಬನ್ನಿ. ಬಿಸಿಲು ಬೀದಿ ಉದ್ದಕ್ಕೆ ಅಡ್ಡ ಬರತ್ತೆ. ಎದುರಿಗಿನ ಬಿಸಿಲಲ್ಲ, ಅಡ್ಡ ಬಿಸಿಲು. ಆಗ ಒಂದೊಂದು ಸೋಗೇನೂ ಎದ್ದು ನಿಲ್ತದೆ. ನಾನು ನಲವತ್ತು ವರ್ಷ ಏಣಿ ಮೇಲೆ ನಿಂತು ನೋಡಿದೀನಿ. ಅಲ್ಲೊಂದು ಗಿಳಿ ಅದೆ, ಈಗ ಒಳಗಾತು. ಆ ಬಿಸಿಲಿಗೆ ಅದು ಇಪ್ಪತ್ತು ನಿಮಿಷ ಕಣ್ಣು ಬಿಡ್ತದೆ. ಆಮೇಲೆ ಸೂರಿನ ನೆರಳು ಇಳಿದು ಮುಚ್ಕಳ್ತದೆ."

ನಾನು ಆರು ತಿಂಗಳು ದಿಕ್ಸೂಚಿ ಹಿಡಿದು ಲೆಕ್ಕ ಹಾಕಿದ್ದನ್ನು ಈ ಮನುಷ್ಯ ಕಾಫಿ ಕುಡಿಯುತ್ತಾ ಹೇಳಿಬಿಟ್ಟರು. ಇನ್ನು ಮುಚ್ಚಿಡುವುದು ನನ್ನಿಂದ ಆಗಲಿಲ್ಲ. ತಿಮ್ಮಪ್ಪನವರೇ, ನಾನು ಬಂದದ್ದೇ ಆ ಗಿಳಿಗಾಗಿ ಎಂದೆ. ತಟ್ಟಿ ಯಾವಾಗ ಎಂದು ಕೇಳಿದ್ದು ಅದು ಏರುವ ಮೊದಲು ಬರಬೇಕು ಎಂದು, ಆಗಲೇ ಹೇಳದೆ ಹೋದದ್ದು ನನ್ನ ಹೇಡಿತನ ಎಂದೆ. ಪ್ರದರ್ಶನದ ವಿಷಯ, ಆಧಾರ್ ಮಿಸ್ ವಿಷಯ ಎಲ್ಲವನ್ನೂ ಹೇಳಿದೆ. ಅವರು ಲೋಟ ಕೆಳಗಿಟ್ಟರು. ತಾವು ಕಟ್ಟಿದ್ದನ್ನು ಒಮ್ಮೆ ತಲೆಯೆತ್ತಿ ನೋಡಿದರು. ಒಣಗಿದ ಸೋಗೆ ಬಿಚ್ಚಿದರೆ ಮುರಿಯುತ್ತದೆ, ಮುರಿದದ್ದಕ್ಕೆ ಹೊಸದು ಹೆಣೆಯಬೇಕು, ನಾಳೆ ಮಳೆ ಬಂದರೆ ಮರ ನೆನೆಯುತ್ತದೆ ಎಂದು ನಮಗಲ್ಲ, ತಮಗೇ ಹೇಳಿಕೊಂಡಂತೆ ಹೇಳಿದರು. ಆಮೇಲೆ ಬರ್ತೀನಿ ಎಂದು ಎದ್ದು ಹೋದರು. ಬಿಚ್ಚುತ್ತೇನೆ ಎನ್ನಲಿಲ್ಲ, ಬಿಚ್ಚುವುದಿಲ್ಲ ಎಂದೂ ಅನ್ನಲಿಲ್ಲ. ಲಲಿತಮ್ಮ ಕಡುಬು ಬಡಿಸಿದರು. ನನ್ನ ಪಾಲಿನದನ್ನು ಗಿರಿಜಕ್ಕನ ತಟ್ಟೆಗೆ ಸರಿಸಿದೆ.

ಶನಿವಾರ ಬೆಳಿಗ್ಗೆ ಆರು ಗಂಟೆಗೆ, ತಟ್ಟಿಯ ಚಿತ್ರವನ್ನಾದರೂ ಸರಿಯಾದ ಬೆಳಕಿನಲ್ಲಿ ತೆಗೆದುಕೊಡೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಕೆಳಗಿಳಿದೆ. ಬೀದಿಯಲ್ಲಿ ಏಣಿ ನಿಂತಿತ್ತು. ಏಣಿಯ ಮೇಲೆ ಹಳೆಯ ಖಾಕಿ ಅಂಗಿಯ ತಿಮ್ಮಪ್ಪನವರು. ಪಡುವಣ ತುದಿಯ ಮೊದಲ ತಟ್ಟಿ ಆಗಲೇ ಜಗಲಿಗೆ ಒರಗಿ ಕೂತಿತ್ತು. ಓಡಿಹೋಗಿ ಏಣಿಯ ಬುಡ ಹಿಡಿದುಕೊಂಡೆ.

ನಮಗೆ ಬೇಕಾದ ಗಿಳಿ ನಡುವೆ, ಬಿಸಿಲು ಬರುವುದು ಮೂಡಣದಿಂದ. ಆ ಕಡೆಯಿಂದ ಮೊದಲು ಬಿಚ್ಚಬಾರದೇ ಎಂದು ಗಿರಿಜಕ್ಕ ಕೆಳಗಿನಿಂದ ಕೇಳಿದಳು. ಮಳೆಗಾಳಿ ಪಡುವಣದಿಂದ ಬರುವುದರಿಂದ ಆ ಕಡೆಯ ತಟ್ಟಿ ಈ ಕಡೆಯದರ ಮೇಲೆ ಹೊದ್ದಿರಬೇಕು, ಹಾಗಾಗಿ ಕಟ್ಟುವಾಗ ಮೂಡಣದ್ದು ಮೊದಲು, ಬಿಚ್ಚುವಾಗ ಅದೇ ಕೊನೆ ಎಂದು ತಿಮ್ಮಪ್ಪನವರು ಗಂಟು ಸಡಿಲಿಸುತ್ತಲೇ ವಿವರಿಸಿದರು. ಒಟ್ಟು ಆರು ತಟ್ಟಿ. ನಾಲ್ಕು ಇಳಿಯುವಷ್ಟರಲ್ಲಿ ಆರೂ ಮುಕ್ಕಾಲು. ಗಿಳಿ ಕಾಣುತ್ತಿತ್ತು, ಆದರೆ ಉಳಿದ ಎರಡು ತಟ್ಟಿಗಳ ನೆರಳಿನಲ್ಲಿ. ಬೀದಿಯ ಕೊನೆಯಲ್ಲಿ ಬಿಸಿಲು ಹಂಚುಗಳ ಮೇಲೆ ಹತ್ತಿತ್ತು. ಗಿರಿಜಕ್ಕ ಸೀರೆ ಎತ್ತಿಕಟ್ಟಿ ಇಳಿದ ತಟ್ಟಿ ಹಿಡಿದುಕೊಳ್ಳಲು ನಿಂತಳು, ಲಲಿತಮ್ಮ ಉಪ್ಪರಿಗೆಯ ಒಳಗಿನಿಂದ ಗಂಟು ಬಿಡಿಸತೊಡಗಿದರು. ಐದನೆಯದು ಇಳಿಯಿತು. ನಾನು ಎದುರಿನ ಅಂಗಡಿಯ ಮೆಟ್ಟಿಲಿಗೆ ಓಡಿ ಮೂರುಕಾಲು ಊರಿದೆ.

ಏಳು ದಾಟಿತ್ತು. ಕೊನೆಯ ತಟ್ಟಿಯ ಗಂಟು ಒಂದು ಸಿಕ್ಕಿಕೊಂಡಿತು. ತಿಮ್ಮಪ್ಪನವರು ಹಲ್ಲಿನಿಂದ ಹಗ್ಗ ಎಳೆದರು. ಗಂಟು ಬಿಟ್ಟಿತು, ಅವರು ಆ ತಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲು ತೆರೆದ ಹಾಗೆ ಪಕ್ಕಕ್ಕೆ ಸರಿಸಿದರು. ಬಿಸಿಲು ಇಡೀ ಉಪ್ಪರಿಗೆಯ ಮೇಲೆ ಅಡ್ಡಕ್ಕೆ ಹರಿದು ಹೋಯಿತು. ಕಂಬದ ಬಳ್ಳಿಗಳೆಲ್ಲ ಎದ್ದು ನಿಂತವು. ಗಿಳಿಯ ಕೊಕ್ಕು, ರೆಕ್ಕೆಯ ಒಂದೊಂದು ಗರಿ, ಆ ದುಂಡು ಕಣ್ಣು. ಅವರು ಹೇಳಿದ್ದು ನಿಜ, ಗಿಳಿ ಕಣ್ಣು ಬಿಟ್ಟಿತ್ತು. ಚೌಕಟ್ಟಿನ ಎಡ ಅಂಚಿನಲ್ಲಿ ತಿಮ್ಮಪ್ಪನವರು, ಅವರ ಕೈಯಲ್ಲಿ ಒತ್ತಾಗಿ ಹೆಣೆದ ತಟ್ಟಿ, ಅದರ ಒಂದೊಂದು ಸೋಗೆಗೂ ಅದೇ ಬಿಸಿಲು. ಅವರು ಇಳಿಯುವವರೆಗೆ ಕಾಯಬೇಕು ಎಂಬ ನನ್ನ ಕಟ್ಟುನಿಟ್ಟು ನೆನಪಾಗುವ ಮೊದಲೇ ಬೆರಳು ಕೆಲಸ ಮಾಡಿಯಾಗಿತ್ತು.

ಆಮೇಲೆ ಅವರು ಇಳಿದರು. ಖಾಲಿ ಉಪ್ಪರಿಗೆಯ ಚಿತ್ರಗಳನ್ನೂ, ಆರು ತಿಂಗಳಿಂದ ಕನಸು ಕಂಡ ಹಾಗೆಯೇ, ಸಾವಕಾಶವಾಗಿ ತೆಗೆದೆ. ಸೂರಿನ ನೆರಳು ಗಿಳಿಯ ತಲೆ ಮುಟ್ಟಿದಾಗ ಗಡಿಯಾರ ನೋಡಿದೆ. ಇಪ್ಪತ್ತೆರಡು ನಿಮಿಷ. ನಾನು ಬೀದಿಯಲ್ಲೇ ಅತ್ತೆ. ನಾಚಿಕೆಯೇನೂ ಆಗಲಿಲ್ಲ. ಗೆದ್ದವರು ಅಳಬಾರದು ಎಂದು ಎಲ್ಲೂ ಬರೆದಿಲ್ಲ. ತಿಮ್ಮಪ್ಪನವರು ಪರದೆಯಲ್ಲಿ ಚಿತ್ರ ನೋಡಿ, "ಈಗ ಸರಿ ಆತು" ಎಂದರು.

ಪಡುವಣ ಕಪ್ಪಾಗುತ್ತಿತ್ತು. ತಿಂಡಿಗೂ ಕೂರದೆ ತಿಮ್ಮಪ್ಪನವರು ಮುರಿದ ಸೋಗೆಗಳನ್ನು ಕಿತ್ತು ಹೊಸದು ಸೇರಿಸತೊಡಗಿದರು. ನಾನು ಗಂಟಿಗೆ ಹಗ್ಗ ಕತ್ತರಿಸಿ ಕೊಟ್ಟೆ, ಗಿರಿಜಕ್ಕ ಏಣಿ ಹಿಡಿದಳು. ಮೂಡಣದಿಂದ ಶುರುಮಾಡಿ ಒಂದೊಂದೇ ಏರಿಸಿದರು. ಗಿಳಿ ಮತ್ತೆ ಮರೆಯಾಯಿತು. ಆರನೆಯದು ಕಟ್ಟಿ ಮುಗಿದಾಗ ಹನ್ನೊಂದೂವರೆ. ಕೂಲಿಯ ಮಾತು ಎತ್ತಲು ನನಗೆ ಧೈರ್ಯವಾಗಲಿಲ್ಲ, ಎತ್ತದಿದ್ದದ್ದೇ ಒಳ್ಳೆಯದಾಯಿತು. ಚಿತ್ರ ಗೋಡೆಗೆ ಏರಿದ ಮೇಲೆ ಒಂದು ಪ್ರತಿ ಕಳಿಸಿ ಎಂದಷ್ಟೇ ಕೇಳಿದರು. ಬಸ್ಸಿಗೆ ಹೊರಟು ಬೀದಿಯ ತಿರುವು ಮುಟ್ಟಿದಾಗ ಹಿಂದಿರುಗಿ ನೋಡಿದೆ. ಅವರು ಬೀದಿಯ ಆಚೆ ನಿಂತು ತಟ್ಟಿಯ ಅಂಚು ನೇರವಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

ಶಿವಮೊಗ್ಗದ ದಾರಿಯಲ್ಲಿ ಎರಡೂ ಚಿತ್ರಗಳನ್ನು ಗಿರಿಜಕ್ಕನಿಗೆ ತೋರಿಸಿದೆ. ಖಾಲಿ ಉಪ್ಪರಿಗೆಯದು ಅಚ್ಚುಕಟ್ಟು, ನನ್ನ ನಿಯಮಕ್ಕೆ ಸರಿ. ಇನ್ನೊಂದರಲ್ಲಿ ಅಂಚಿಗೆ ತಿಮ್ಮಪ್ಪನವರಿದ್ದಾರೆ. "ಆ ಖಾಲಿದು ಕ್ಯಾಲೆಂಡರಿಗೆ ಚೆನ್ನಾಗೈತೆ" ಎಂದಳು ಅವಳು. "ನೀನು ಇದನ್ನ ಹಾಕು. ಇದನ್ನ ನೋಡಿದ್ರೆ ಆ ಮನುಷ್ಯ ಬಿಚ್ಚಿದ್ದು ನೆನಪಾಗ್ತೈತೆ." ನನಗೂ ಅದೇ ಅನ್ನಿಸಿತ್ತು. ಬಳಗದ ಅರ್ಜಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಮೂರನೆಯ ಚಿತ್ರದ ವಿವರ ತುಂಬಿದೆ. ಗಿಳಿ ಕೆತ್ತಿದವರ ಹೆಸರು ಲಲಿತಮ್ಮನಿಗೂ ಗೊತ್ತಿರಲಿಲ್ಲ, ಆ ಜಾಗ ಖಾಲಿ ಬಿಟ್ಟೆ. ಅದರ ಕೆಳಗೆ, ತಟ್ಟಿ: ತಿಮ್ಮಪ್ಪ, ತೀರ್ಥಹಳ್ಳಿ ಎಂದು ದಪ್ಪ ಅಕ್ಷರದಲ್ಲಿ ಬರೆದೆ.

ಮಂಡಗದ್ದೆ ದಾಟುವಾಗ ಬಸ್ಸಿನ ಗಾಜಿಗೆ ಮೊದಲ ಹನಿ ಬಿತ್ತು. ಎರಡೇ ನಿಮಿಷದಲ್ಲಿ ರಸ್ತೆ ಕಾಣದಷ್ಟು ಮಳೆ. ಅವಸರದಲ್ಲಿ ಕಟ್ಟಿದ ಗಂಟು, ಮುರಿದು ಸೇರಿಸಿದ ಸೋಗೆ, ನನ್ನ ಒಂದು ಚಿತ್ರಕ್ಕಾಗಿ ಆ ಮರವೆಲ್ಲ ನೆನೆದರೆ ಎಂದು ಹೆದರಿದೆ. ಲಲಿತಮ್ಮನಿಗೆ ಫೋನು ಮಾಡಲು ಚೀಲಕ್ಕೆ ಕೈ ಹಾಕಿದೆ, ಅಷ್ಟರಲ್ಲಿ ಅದೇ ರಿಂಗಾಯಿತು. ಅವರ ನಂಬರು, ಆದರೆ ಮಾತಾಡಿದ್ದು ತಿಮ್ಮಪ್ಪನವರು. ಹಿಂದೆ ಹಂಚಿನ ಮೇಲೆ ಮಳೆ ಬಡಿಯುವ ಸದ್ದಿಗೆ ಅವರು ಕೂಗಿ ಹೇಳಬೇಕಾಯಿತು.

"ಮೇಡಂ, ಇಲ್ಲಿ ಮಳೆ ಹೊಡೀತಾ ಅದೆ. ನಾನು ಉಪ್ಪರಿಗೆ ಒಳಗೇ ನಿಂತಿದೀನಿ, ಮುಟ್ಟಿ ನೋಡಿದೆ. ಗಿಳಿ ಒಣಗೇ ಅದೆ."